ಬಾಗಿಲಾಚೆ ಬಿಟ್ಟ ಬೂಟು

ರಮ್ಲ ಟೀಚರಿಗೆ ಜಂಬ ಅಂತ ತಿರೂರಿನ ಕಡೆ ಜನ ಆಡಿಕೊಳ್ಳುತ್ತಾರೆ. ಜಂಬ ಇದೆ, ಯಾಕಿರಬಾರದು? ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿಯುವ ಮಕ್ಕಳು ಓದುವ ಊರ ಶಾಲೆಗಳಿಗೂ ಆಸ್ಪತ್ರೆಗೂ ನಡುವೆ ಓಡಾಡುವುದು ಆಕೆಯ ಕೆಲಸ. ಡಾಕ್ಟರ ಮಾತನ್ನು ಮೇಷ್ಟರಿಗೆ, ಮೇಷ್ಟರ ದೂರನ್ನು ಡಾಕ್ಟರಿಗೆ ಮುಟ್ಟಿಸಿ, ಎರಡೂ ಕಡೆಯ ಬೈಗುಳ ತಾನು ನುಂಗಬೇಕು. ಆಕೆ ನುಂಗಿ ನೀರು ಕುಡಿಯುತ್ತಾಳೆ.

ಆಕೆ ನೋಡಿಕೊಳ್ಳುವ ಮಕ್ಕಳಲ್ಲೊಬ್ಬಳು ಮೂರನೇ ಕ್ಲಾಸಿನ ರಿನ್ಷ. ಮಂಡಿಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟಿಕ್ ಸ್ಪ್ಲಿಂಟು, ಅದರ ಮೇಲೆ ಬೂಟು. ಅವಿಲ್ಲದಿದ್ದರೆ ಹುಡುಗಿಯದು ತುದಿಗಾಲ ನಡಿಗೆ. ಒಮ್ಮೆ ಆಸ್ಪತ್ರೆಯಲ್ಲಿ ಡಾಕ್ಟರು ಪಾದ ಒತ್ತಿ ನೋಡಿ ಮುಖ ಗಂಟು ಹಾಕಿದರು.

"ಸ್ನಾಯು ಬಿಗೀತಾ ಇದೆ. ಸ್ಪ್ಲಿಂಟು ಹಾಕ್ತಾನೇ ಇಲ್ಲ ನೀವು. ಎರಡು ತಿಂಗಳು ನೋಡ್ತೀನಿ. ಆಗದಿದ್ರೆ ಆಪರೇಷನ್."

ತಾಯಿ ಸುಹರಾ ಹೊರಗೆ ಬಂದು ಅತ್ತಳು. "ದಿನಾ ಬೆಳಿಗ್ಗೆ ನಾನೇ ಕಟ್ಟಿ ಕಳಿಸ್ತೀನಿ ಟೀಚರ್. ಮನೇಲಿ ಬಿಚ್ಚಿದ್ರೂ ಹಗಲೆಲ್ಲ ಶಾಲೇಲಿ ಇರ್ತದಲ್ಲ."

ಮರುದಿನ ರಮ್ಲ ಶಾಲೆಗೆ ಹೋದರೆ, ಜಗಲಿಯ ಚಪ್ಪಲಿ ರಾಶಿಯ ನಡುವೆ ರಿನ್ಷಳ ಬೂಟು ಸ್ಪ್ಲಿಂಟು ಸಮೇತ ಗೋಡೆಗೊರಗಿ ಕೂತಿತ್ತು. ಒಳಗೆ ಹೊಸ ಟೈಲ್ಸು. ಚಪ್ಪಲಿ ಹೊರಗೆ ಬಿಡಬೇಕೆಂದು ನಿಯಮ. ಮನೆಯಲ್ಲೂ ಅದೇ, ಅಜ್ಜಿ ಇಯ್ಯಾತುಮ್ಮನ ನೆಲದ ಮೇಲೆ ಬೂಟಿಡುವ ಧೈರ್ಯ ಯಾರಿಗಿದೆ? ಅಂದರೆ ಮಗು ಸ್ಪ್ಲಿಂಟು ಹಾಕಿಕೊಂಡಿದ್ದು ಶಾಲೆಗೆ ಹೋಗಿಬರುವ ಆಟೋದಲ್ಲಿ ಮಾತ್ರ. ಅದರ ಪಟ್ಟಿ ಬಿಚ್ಚಲು ಕಲಿಸಿದವಳು ರಮ್ಲಳೇ. ಹುಡುಗಿ ತಾನಾಗೇ ಬಿಚ್ಚಿದಳು ಅಂತ ಊರಿಗೆಲ್ಲ ಸಾರಿಕೊಂಡೂ ಬಂದಿದ್ದಳು. ಈಗ ನಾಚಿಕೊಂಡು ಬೂಟನ್ನು ಕೈಗೆತ್ತಿಕೊಂಡಳು.

ಹೆಡ್‌ಮಾಸ್ಟರ್ ಶ್ರೀಧರನ್ ಮಾಷ್ ಬೂಟು ಒಳಗೆ ಬಿಡಲು ಒಪ್ಪಲಿಲ್ಲ. "ಒಬ್ಬಳಿಗೆ ಬಿಟ್ರೆ ನಾಳೆ ಎಲ್ರೂ ಚಪ್ಪಲಿ ಹಾಕ್ಕೊಂಡೇ ಬರ್ತಾರೆ."

"ನಿಮ್ಮ ಕನ್ನಡಕ ಹೊರಗಿಟ್ಟು ಪಾಠ ಮಾಡಿ ಮಾಷೇ. ಅದಕ್ಕೂ ಧೂಳು ಹತ್ತಿರ್ತದೆ."

ಮಾಷ್ ಕನ್ನಡಕ ಒರೆಸಿಕೊಂಡರು. ಬಾಗಿಲಲ್ಲಿ ಬೂಟು ಒರೆಸಲು ಒದ್ದೆ ಬಟ್ಟೆಯನ್ನೂ ಹಾಕಿಸಿದರು. ಆದರೆ ರಿನ್ಷಳೇ ಬೂಟು ಹಾಕಿಕೊಂಡು ಹೊಸ್ತಿಲು ದಾಟಳು. "ಉಮ್ಮಾಮ ಬೈತಾರೆ" ಎಂದು ಅಜ್ಜಿಗೆ ಹೆದರಿ ಒಂದೇ ಹಟ.

ರಮ್ಲ ಸಂಜೆ ನೇರ ಅಜ್ಜಿಯ ಮುಂದೆ ಹೋಗಿ ನಿಂತು ಎಲ್ಲ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ.

"ನನ್ನ ನೆಲದಿಂದ ಮಗೂ ಕಾಲಿಗೆ ಕತ್ತರಿನಾ?" ಎಂದರು ಇಯ್ಯಾತುಮ್ಮ. ಆಮೇಲೆ ಎದ್ದು, ಬಂದವರು ಕಾಲು ತೊಳೆಯಲೆಂದು ಜಗಲಿಯಲ್ಲಿಟ್ಟಿದ್ದ ಹಿತ್ತಾಳೆ ಗಿಂಡಿ ತೆಗೆದುಕೊಂಡರು. ಮೊಮ್ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿ, ಬೂಟು ಹಾಕಿಸಿ, ಅದರ ಅಡಿಗೆ ನೀರು ಹೊಯ್ದು, ತಮ್ಮ ತಲೆವಸ್ತ್ರದ ಸೆರಗಿನಿಂದ ಒರೆಸಿದರು.

"ಕಾಲು ತೊಳ್ದಾಯ್ತು. ನಡಿ ಒಳಗೆ."

ಎರಡು ತಿಂಗಳ ಮೇಲೆ ಡಾಕ್ಟರು ಪಾದ ಒತ್ತಿ ನಕ್ಕರು. "ಆಪರೇಷನ್ ಬೇಡ. ಏನು ಮಾಡಿದ್ರಿ ಟೀಚರ್?"

ರಮ್ಲ ಬಸ್ಸಿನಲ್ಲಿ ದೊಡ್ಡ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು. ಅಷ್ಟರಲ್ಲಿ ರಿನ್ಷ ಬಾಯಿ ಹಾಕಿದಳು, ಮಾತು ನಿಧಾನವಾದರೂ ಸ್ಪಷ್ಟ:

"ಉಮ್ಮಾಮ ನನ್ನ ಬೂಟಿನ ಕಾಲು ತೊಳೀತಾರೆ."

ಈಗ ರಮ್ಲ ಊರೆಲ್ಲ ಸಾರುವುದು ಈ ಮಾತನ್ನೇ.