ನಸೀಮಾಗೆ ನಾನು ಓದಿ ಹೇಳಿದ ಚೆಂಗೀಸ್ ಖಾನ

ತಿಪಟೂರಿನ ಗಾಳಿಯಲ್ಲಿ ಕೊಬ್ಬರಿಯ ವಾಸನೆ ಯಾವಾಗಲೂ ಇರುತ್ತದೆ. ಇಲ್ಲಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಮೊನ್ನೆ ನಮ್ಮ ಹೈಸ್ಕೂಲಿನ ಲೈಬ್ರರಿಗೆ ಪುಸ್ತಕ ಆರಿಸುತ್ತಿದ್ದಾಗ, ಕಿಟಕಿಯಿಂದ ಬಂದ ಆ ವಾಸನೆ ನನ್ನನ್ನು ಹನ್ನೆರಡನೇ ವಯಸ್ಸಿಗೆ ಎಳೆದೊಯ್ದಿತು. ಕೈಯಲ್ಲಿದ್ದದ್ದು ಮಂಗೋಲರ ದಂಡಯಾತ್ರೆಗಳ ಬಗ್ಗೆ ಹೊಸದಾಗಿ ಬಂದ ಪುಸ್ತಕ. ಮುಖಪುಟದ ತುಂಬ ಬೆಂಕಿ, ಕುದುರೆ. ಮಕ್ಕಳು ಮುಗಿಬಿದ್ದು ಓದುವಂಥದ್ದು. ಇದನ್ನೆಲ್ಲ ಎಲ್ಲಿಂದ ತಿಳಿದು ಬರೆದರು ಎಂದು ಕೊನೆಯ ಪುಟದವರೆಗೆ ಹುಡುಕಿದೆ. ಒಂದು ಸಾಲೂ ಇರಲಿಲ್ಲ. ಇತಿಹಾಸ ಪಾಠ ಮಾಡುವವಳು ನಾನು. ಹೆದರಿ ಅದನ್ನು ಪಕ್ಕಕ್ಕಿಟ್ಟುಬಿಟ್ಟೆ.

ತಿಪಟೂರಿನ ಹತ್ತಿರದ ಕಿಬ್ಬನಹಳ್ಳಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ವರ್ಷವಿಡೀ ಕಾಯಿ ಒಣಗುತ್ತಿತ್ತು. ಅಲುಗಿಸಿದರೆ ಒಳಗೆ ಉಂಡೆ ಕೊಬ್ಬರಿ ಲೊಟಲೊಟ ಎನ್ನುವ ಆ ಕಾಯಿರಾಶಿಯ ಪಕ್ಕದಲ್ಲಿ, ಹೆಂಚಿನ ಬೆಳಕಿಂಡಿಯ ಕೆಳಗೆ, ಹನ್ನೆರಡು ವರ್ಷದ ನಾನೂ ಗೆಳತಿ ನಸೀಮಾಳೂ ಕುಳಿತು ಓದುತ್ತಿದ್ದೆವು. ನಮ್ಮ ಕೊಬ್ಬರಿ ಕೊಳ್ಳುತ್ತಿದ್ದ ಖಾನ್ ಸಾಹೇಬರ ಮಗಳು ಅವಳು. ಸಂತೆಯಲ್ಲಿ ಸಿಕ್ಕಿದ್ದ, ರಟ್ಟು ಹರಿದ ಚೆಂಗೀಸ್ ಖಾನನ ಪುಸ್ತಕವೊಂದನ್ನು ಒಂದು ಮಧ್ಯಾಹ್ನ ಅವಳಿಗೆ ಗಟ್ಟಿಯಾಗಿ ಓದಿದೆ. ಒಂದೇ ಊರಿನಲ್ಲಿ ಲಕ್ಷಾಂತರ ಜನರ ತಲೆ ಕಡಿಸಿ ಗೋಪುರ ಮಾಡಿಸಿದನಂತೆ. ಓದಿ ಮುಗಿಸಿದವಳೇ, “ನೀವೂ ಖಾನರೇ ಅಲ್ವೇನೇ? ಇವ್ನು ನಿಮ್ ಮುತ್ತಜ್ಜನೇ ಇರ್ಬೇಕು” ಎಂದುಬಿಟ್ಟೆ. ನಸೀಮಾ ಎದ್ದು ಏಣಿ ಇಳಿದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅನ್ನ ಸೇರದೆ ಕೊನೆಗೆ ಗಿರಿಜತ್ತೆಗೆ ಹೇಳಿದೆ. ಅಪ್ಪನ ಅಕ್ಕ, ಮಿಡ್ಲ್ ಸ್ಕೂಲಿನ ಟೀಚರು. ನಮ್ಮ ಮನೆಯಲ್ಲೇ ಇದ್ದರು. ತಪ್ಪು ಮಾಡಿದಾಗ ಬೈಯದೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಇಂಥ ಒಬ್ಬರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅತ್ತೆ ತಿಪಟೂರಿನ ಲೈಬ್ರರಿಯಿಂದ ಇನ್ನೆರಡು ಪುಸ್ತಕ ತಂದು ಜಗಲಿಯ ಮೇಲೆ ನನ್ನದೂ ಸೇರಿ ಮೂರನ್ನೂ ಸಾಲಾಗಿ ತೆರೆದಿಟ್ಟರು. ಅದೇ ಊರು, ಅದೇ ಯುದ್ಧ. ಸತ್ತವರ ಸಂಖ್ಯೆ ಮಾತ್ರ ಮೂರರಲ್ಲಿ ಮೂರು ಥರ.

“ಬರ್ದೋನು ಅಲ್ಲಿದ್ನೇನೇ? ಯಾರ್ ಬಾಯಿಂದ ಕೇಳ್ದೆ ಅಂತ ಎಲ್ಲಾದ್ರೂ ಹೇಳವ್ನಾ, ನೋಡು.”

ನನ್ನ ಪುಸ್ತಕದಲ್ಲಿ ಅದೆಲ್ಲೂ ಇರಲಿಲ್ಲ.

“ಚೆಂಗೀಸ ಮುಸಲ್ಮಾನನೇ ಅಲ್ಲ ಕಣೇ. ಆಕಾಶಕ್ಕೆ ಕೈ ಮುಗೀತಿದ್ದೋನು. ಖಾನ್ ಅಂದ್ರೆ ದೊರೆ ಅಂತ, ಅಷ್ಟೇಯ. ಅವ್ನು ಸುಟ್ಟ ಎಷ್ಟೋ ಊರಲ್ಲಿ ಇದ್ದೋರೇ ಮುಸಲ್ಮಾನ್ರು. ನಡಿ, ಹೋಗಿ ಹೇಳು ಅವ್ಳಿಗೆ.”

ನಸೀಮಾಳ ಮನೆ ಬಾಗಿಲಲ್ಲಿ ನಿಂತು ತೊದಲುತ್ತ ಎಲ್ಲವನ್ನೂ ಹೇಳಿದೆ. ಅವಳು, “ನಮ್ ಮುತ್ತಜ್ಜ ಎತ್ತಿನ ಗಾಡೀಲಿ ಅರಸೀಕೆರೆನೂ ದಾಟಿದೋನಲ್ಲ ಕಣೇ” ಎಂದು ನಕ್ಕಳು. ಅವಳ ಅಮ್ಮ ಟೀ ಕೊಟ್ಟರು. ಆದರೂ ನಸೀಮಾ ಮತ್ತೆ ನಮ್ಮ ಅಟ್ಟ ಹತ್ತಲಿಲ್ಲ. ಮುಂದಿನ ವರ್ಷ ಅವರು ಶಿವಮೊಗ್ಗಕ್ಕೆ ಹೊರಟುಹೋದರು.

ನಮ್ಮ ಆ ಹಳೆಯ ಮನೆಯಿದ್ದ ಕಡೆ ಈಗ ಅಂಗಡಿಸಾಲು. ಗಿರಿಜತ್ತೆಯೂ ತೀರಿಕೊಂಡರು. ನಸೀಮಾಳಿಗೆ ಮೊಮ್ಮಕ್ಕಳಿರಬಹುದು. ಯಾವುದೋ ಶಾಲೆಯಲ್ಲಿ, ಅಂಥದೇ ಪುಸ್ತಕ ಓದಿದ ಯಾರೋ ಒಬ್ಬಳು ಅವರಿಗೂ ಅದೇ ಮಾತು ಅಂದಿರಬಹುದು. ಅವರು ಅಳುತ್ತ ಮನೆಗೆ ಬಂದ ದಿನ, ತನಗೂ ಒಬ್ಬಳು ಹೀಗೇ ಅಂದಿದ್ದಳೆಂದು ನಸೀಮಾ ನನ್ನ ಹೆಸರು ಹೇಳಿರುತ್ತಾಳೆ. ತಪ್ಪಾಯಿತೆಂದು ನಾನು ಅವಳ ಬಾಗಿಲಿಗೆ ಹೋಗಿ ನಿಂತದ್ದನ್ನೂ ಹೇಳಿರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.