ಬಂಡೆಯ ಪಕ್ಕದ ಅಡಿಪಟ್ಟಿ

ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದ ನನ್ನ ಅಕ್ಕನಿಗೆ ಮಾತು ಕಡಿಮೆ. ಬಂಡೆಯ ಫೋಟೊ ತೆಗೆಯುವಾಗ ಅದರ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಯಾರಾದರೂ ನಿಲ್ಲಬೇಕು. ಬಂಡೆ ನೋಡಲು ಹೋದಾಗಲೆಲ್ಲ ಸಹಪಾಠಿಗಳು, "ಏ ಅಡಿಪಟ್ಟಿ, ಬಾರೇ, ನಿಂತ್ಕೋ" ಎಂದು ಕೂಗುತ್ತಿದ್ದರು. ಬೇರೆ ಹೊತ್ತಿನಲ್ಲಿ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಹಾಗಾಗಿ ಆ ಅಡ್ಡಹೆಸರೂ ಅವಳಿಗೆ ಇಷ್ಟವಾಗಿತ್ತು.

ಒಮ್ಮೆ ಜ್ವರ ಬಂದು ಅವಳಿಗೆ ಹೋಗಲಾಗಲಿಲ್ಲ. ಯಾರಾದರೂ ವಿಚಾರಿಸಿಯಾರು ಎಂದು ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಸಂಜೆ ತರಗತಿಯ ವಾಟ್ಸಾಪ್ ಗುಂಪಿಗೆ ಫೋಟೊಗಳಷ್ಟೇ ಬಂದವು.

"ಅಡಿಪಟ್ಟಿ ಇಲ್ಲದೆ ಏನು ಮಾಡಿದ್ರಂತೆ, ಪಾಪ?" ಎಂದು ಅಮ್ಮ ನಗಿಸಲು ನೋಡಿದಳು.

ಅಕ್ಕ ಒಂದು ಫೋಟೊ ತೋರಿಸಿದಳು. ಬಂಡೆಯ ಬುಡಕ್ಕೆ ಸುತ್ತಿಗೆ ಒರಗಿಸಿದ್ದರು.

"ಅಳತೆ ಸರಿಯಾಗೇ ಗೊತ್ತಾಗುತ್ತೆ ಕಣಮ್ಮ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.