ಗೋಡೆ ಮೇಲಿನ ಪೇಟೆಂಟು

ಯಾವ ಊರಲ್ಲಿ ಹೊಸ ಬುದ್ಧಿ ಎಷ್ಟು ಓಡ್ತಿದೆ ಅಂತ ಅಳೆಯೋದು ನನ್ನ ಕೆಲಸ. ಪೇಟೆಂಟಿನಲ್ಲಿದ್ದ ತಪ್ಪು ತಿದ್ದಿಸಿ ಮತ್ತೆ ಪಡೆದಿದ್ದಾರೆ ಅಂದ್ರೆ ಆ ಸಾಧನ ಬಳಕೆಯಲ್ಲಿದೆ ಅಂತ ಲೆಕ್ಕ; ಅಂಥ ಪೇಟೆಂಟುಗಳೇ ನಮ್ಮ ಅಳತೆಗೋಲು. ದೊಡ್ಡಬಳ್ಳಾಪುರದ ನೇಕಾರ ನಂಜಪ್ಪನವರ ಹತ್ತಿರ ಅಂಥದ್ದೊಂದು ಸಿಕ್ಕಿತು: ಎಳೆ ತುಂಡಾದ ತಕ್ಷಣ ಮಗ್ಗ ನಿಲ್ಲಿಸೋ ಸಾಧನ. ಪೇಟೆಂಟ್ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಮಗ್ಗದಲ್ಲಿ ಮಾತ್ರ ಆ ಸಾಧನದ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡು, ಕೊಡೆ ಕಡ್ಡಿ.

“ನಿಮ್ಮ ಸಾಧನ ಎಲ್ಲಿ ಯಜಮಾನ್ರೇ?”

“ಬಿಚ್ಚಾಕ್ದೆ. ನಂದು ನೋಡ್ಕೊಂಡು ಪಕ್ಕದ್ಮನೆ ರತ್ನಮ್ಮ ಇದನ್ನ ಮಾಡಿದ್ರು. ಇದೇ ಚೆನ್ನಾಗೈತೆ.”

“ಅವರು ಪೇಟೆಂಟ್ ತಗೊಂಡಿದ್ದಾರಾ?”

“ಎಲ್ಲಿ ಪುರುಸೊತ್ತು? ಹೋದ್ವಾರ ಇದನ್ನೂ ತಿದ್ದವ್ರೆ.”

ರತ್ನಮ್ಮನವರನ್ನ ಬರೆಯೋಕೆ ನನ್ನ ಫಾರಂನಲ್ಲಿ ಜಾಗವೇ ಇರಲಿಲ್ಲ. ಊರಿನ ಹೆಸರಿಗೆ ಒಂದು ಅಂಕ ಹಾಕ್ಕೊಂಡು ಬಂದೆ, ಯಾರೂ ಬಳಸದ ಸಾಧನಕ್ಕೆ.